ಹಕ್ಕು ಕಾನೂನಿನಲ್ಲಿದೆ, ದೂರು ಕೇಳುವವರು ಎಲ್ಲಿ?

2025ರ ಮಾರ್ಚ್ 11ರಂದು ಅಮೆರಿಕದ ಕೇಂದ್ರ ಶಿಕ್ಷಣ ಇಲಾಖೆ ತನ್ನ ಸಿಬ್ಬಂದಿಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುವ ತೀರ್ಮಾನ ಪ್ರಕಟಿಸಿತು. ಅಧ್ಯಕ್ಷ ಟ್ರಂಪ್ ಎರಡನೇ ಬಾರಿ ಅಧಿಕಾರ ವಹಿಸಿಕೊಂಡಾಗ 4,133 ಇದ್ದ ನೌಕರರ ಸಂಖ್ಯೆ 2,183ರ ಹತ್ತಿರಕ್ಕೆ ಬಂತು. ಕಡಿತದ ದೊಡ್ಡ ಪೆಟ್ಟು ಬಿದ್ದ ಜಾಗಗಳಲ್ಲೊಂದು ಇಲಾಖೆಯೊಳಗಿನ ನಾಗರಿಕ ಹಕ್ಕುಗಳ ಕಚೇರಿ. ಅದಕ್ಕಿದ್ದ 12 ಪ್ರಾದೇಶಿಕ ಕಚೇರಿಗಳಲ್ಲಿ ಏಳು ಬಾಗಿಲು ಹಾಕಿದವು: ಬಾಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯಾ, ಕ್ಲೀವ್‌ಲ್ಯಾಂಡ್, ಶಿಕಾಗೊ, ಡಲ್ಲಾಸ್, ಸ್ಯಾನ್ ಫ್ರಾನ್ಸಿಸ್ಕೊ. ಜನಾಂಗ, ಭಾಷೆ, ಲಿಂಗ ಅಥವಾ ಅಂಗವೈಕಲ್ಯದ ಕಾರಣಕ್ಕೆ ತಮ್ಮ ಮಗುವಿಗೆ ಶಾಲೆಯಲ್ಲಿ ಅನ್ಯಾಯವಾಗಿದೆ ಎನ್ನುವ ಪೋಷಕರು ವಕೀಲರಿಲ್ಲದೆ, ಒಂದು ಡಾಲರೂ ಖರ್ಚು ಮಾಡದೆ ದೂರು ಕೊಡಬಹುದಾದ ಜಾಗ ಅದು. 2024ರ ಹಣಕಾಸು ವರ್ಷದಲ್ಲಿ ಅಲ್ಲಿಗೆ 22,687 ದೂರುಗಳು ಬಂದಿದ್ದವು. ಅದುವರೆಗಿನ ಯಾವ ವರ್ಷದಲ್ಲೂ ಅಷ್ಟು ಬಂದಿರಲಿಲ್ಲ.

ಆ ದಿನ ಒಂದೇ ಒಂದು ಕಾನೂನೂ ರದ್ದಾಗಲಿಲ್ಲ ಎಂಬುದನ್ನು ಗಮನಿಸಬೇಕು. 1964ರ ನಾಗರಿಕ ಹಕ್ಕುಗಳ ಕಾಯ್ದೆ ಇದ್ದಲ್ಲೇ ಇತ್ತು. ಹೆಣ್ಣುಮಕ್ಕಳಿಗೆ ಸಮಾನ ಅವಕಾಶ ಕೊಡುವ 1972ರ ಕಾಯ್ದೆಯಾಗಲಿ, ಅಂಗವೈಕಲ್ಯವುಳ್ಳ ಮಕ್ಕಳಿಗೆ ರಕ್ಷಣೆ ಕೊಡುವ 1973 ಮತ್ತು 1975ರ ಕಾಯ್ದೆಗಳಾಗಲಿ ಒಂದಕ್ಷರವೂ ಬದಲಾಗಲಿಲ್ಲ. ದೂರಿನ ಅರ್ಜಿ ಓದಿ, ಶಾಲೆಗೆ ಫೋನು ಮಾಡಿ, ದಾಖಲೆ ತರಿಸಿಕೊಂಡು, ತಪ್ಪು ಕಂಡರೆ ತಿದ್ದಿಸುತ್ತಿದ್ದ ಜನ ಮಾತ್ರ ಇಲ್ಲವಾದರು. ಅಮೆರಿಕದ ಸಾರ್ವಜನಿಕ ಶಾಲೆಗಳ ಕಳೆದ ಎಪ್ಪತ್ತು ವರ್ಷಗಳ ಚರಿತ್ರೆ ನೋಡಿದರೆ ನನಗೆ ಮತ್ತೆ ಮತ್ತೆ ಕಾಣುವುದು ಇದೇ. ಹಕ್ಕು ಬರೆದಿಡುವುದಕ್ಕೂ ಅದು ಮಗುವಿನ ಕೈಸೇರುವುದಕ್ಕೂ ನಡುವೆ ವರ್ಷಗಳು ಉರುಳುತ್ತವೆ, ಆ ವರ್ಷಗಳಲ್ಲೇ ಮಗು ಬೆಳೆದು ಶಾಲೆ ಬಿಟ್ಟಿರುತ್ತದೆ.

ತೀರ್ಪು ಬಂತು, ಶಾಲೆ ಬದಲಾಗಲಿಲ್ಲ

1951ರ ಏಪ್ರಿಲ್‌ನಲ್ಲಿ ವರ್ಜೀನಿಯಾ ರಾಜ್ಯದ ಫಾರ್ಮ್‌ವಿಲ್ ಎಂಬ ಊರಿನಲ್ಲಿ 16 ವರ್ಷದ ಬಾರ್ಬರಾ ಜಾನ್ಸ್ ಎಂಬ ಹುಡುಗಿ ತನ್ನ ಶಾಲೆಯ ಮಕ್ಕಳನ್ನೆಲ್ಲ ಸಭಾಂಗಣದಲ್ಲಿ ಸೇರಿಸಿ ಮುಷ್ಕರಕ್ಕೆ ಕರೆ ಕೊಟ್ಟಳು. ಅದು ಕಪ್ಪು ವರ್ಣೀಯ ಮಕ್ಕಳ ಶಾಲೆ. 180 ಮಕ್ಕಳಿಗೆಂದು ಕಟ್ಟಿದ ಕಟ್ಟಡದಲ್ಲಿ 450ಕ್ಕೂ ಹೆಚ್ಚು ಮಕ್ಕಳಿದ್ದರು. ಉಳಿದವರಿಗೆ ಡಾಂಬರು ಕಾಗದ ಹೊದಿಸಿದ ಗುಡಿಸಲುಗಳಲ್ಲಿ ಪಾಠ. ಬಿಳಿಯ ಮಕ್ಕಳ ಶಾಲೆಯಲ್ಲಿದ್ದ ಸೌಕರ್ಯಗಳು ಇಲ್ಲಿರಲಿಲ್ಲ. ಮುಷ್ಕರ ಮೊಕದ್ದಮೆಯಾಯಿತು, ಅದು ಬೇರೆ ರಾಜ್ಯಗಳ ಮೊಕದ್ದಮೆಗಳೊಂದಿಗೆ ಸೇರಿ ಸುಪ್ರೀಂ ಕೋರ್ಟ್ ಮುಟ್ಟಿತು. 1954ರ ಮೇ 17ರಂದು ಬಂದ ಬ್ರೌನ್ ತೀರ್ಪು ನಮಗೆಲ್ಲ ಗೊತ್ತಿರುವುದೇ: ಮಕ್ಕಳನ್ನು ಬಣ್ಣದ ಮೇಲೆ ಬೇರ್ಪಡಿಸಿದ ಶಾಲೆಗಳು ಹುಟ್ಟಿನಿಂದಲೇ ಅಸಮಾನ ಎಂದು ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಮಕ್ಕಳ ಪರವಾಗಿ ವಾದಿಸಿದ ಥರ್ಗುಡ್ ಮಾರ್ಷಲ್ ಮುಂದೆ ಅದೇ ಕೋರ್ಟಿನ ನ್ಯಾಯಮೂರ್ತಿಯಾದರು.

ಅಷ್ಟಾಗಿ ಚರ್ಚೆಗೆ ಬಾರದ ಭಾಗ ಮರುವರ್ಷದ್ದು. ತೀರ್ಪನ್ನು ಜಾರಿ ಮಾಡುವುದು ಹೇಗೆ ಎಂಬ ಪ್ರಶ್ನೆಗೆ 1955ರಲ್ಲಿ ಅದೇ ಕೋರ್ಟ್, ಎಚ್ಚರದಿಂದ ಯೋಚಿಸಿ ಸಾಧ್ಯವಾದಷ್ಟು ಬೇಗ ಮಾಡಿ ಎಂಬರ್ಥದ ಮಾತು ಹೇಳಿ ಕೈಬಿಟ್ಟಿತು. ಗಡುವಿಲ್ಲ, ದಿನಾಂಕವಿಲ್ಲ. ದಕ್ಷಿಣದ ರಾಜ್ಯಗಳು ಯೋಚಿಸುವುದನ್ನು ಹಿಡಿದುಕೊಂಡವು, ಬೇಗ ಎಂಬುದನ್ನು ಮರೆತವು. 1957ರಲ್ಲಿ ಲಿಟಲ್ ರಾಕ್ ಪಟ್ಟಣದ ಶಾಲೆಗೆ ಒಂಬತ್ತು ಕಪ್ಪು ವರ್ಣೀಯ ಮಕ್ಕಳನ್ನು ಸೇರಿಸಲು ಅಧ್ಯಕ್ಷ ಐಸೆನ್‌ಹೋವರ್ ಸೈನ್ಯವನ್ನೇ ಕಳಿಸಬೇಕಾಯಿತು. 1960ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಆರು ವರ್ಷದ ರೂಬಿ ಬ್ರಿಜಸ್ ಫೆಡರಲ್ ಮಾರ್ಷಲ್‌ಗಳ ಕಾವಲಿನಲ್ಲಿ ಒಂದನೇ ತರಗತಿಗೆ ನಡೆದು ಹೋದಳು. ಇಷ್ಟೆಲ್ಲ ಆಗಿಯೂ, ತೀರ್ಪು ಬಂದು ಹತ್ತು ವರ್ಷ ಕಳೆದ ಮೇಲೆ, ದಕ್ಷಿಣದ ಹನ್ನೊಂದು ರಾಜ್ಯಗಳಲ್ಲಿ ಬಿಳಿಯ ಮಕ್ಕಳ ಜೊತೆ ಕೂತು ಕಲಿಯುತ್ತಿದ್ದ ಕಪ್ಪು ವರ್ಣೀಯ ಮಕ್ಕಳು ನೂರಕ್ಕೆ ಎರಡರಷ್ಟು ಮಾತ್ರ.

ಪರಿಸ್ಥಿತಿ ನಿಜಕ್ಕೂ ಅಲುಗಾಡಿದ್ದು ಹಣ ಮತ್ತು ಷರತ್ತು ಎರಡೂ ಒಟ್ಟಿಗೆ ಬಂದಾಗ. 1964ರ ಕಾಯ್ದೆಯ ಆರನೇ ಭಾಗ, ಅಲ್ಲಿನವರು ಟೈಟಲ್ 6 ಎನ್ನುವುದು, ಕೇಂದ್ರದ ಹಣ ಪಡೆಯುವ ಯಾವ ಸಂಸ್ಥೆಯೂ ಜನಾಂಗ, ಬಣ್ಣ, ಮೂಲದೇಶದ ಆಧಾರದಲ್ಲಿ ತಾರತಮ್ಯ ಮಾಡಬಾರದು ಎಂದಿತು. 1965ರಲ್ಲಿ ಬಂದ ಶಿಕ್ಷಣ ಕಾಯ್ದೆ ಬಡಮಕ್ಕಳಿರುವ ಶಾಲೆಗಳಿಗೆ ದೊಡ್ಡ ಪ್ರಮಾಣದಲ್ಲಿ ಕೇಂದ್ರದ ಹಣ ತಂದಿತು. ಹಣ ಬೇಕಿದ್ದರೆ ತಾರತಮ್ಯ ಬಿಡಬೇಕು, ಬಿಟ್ಟಿದ್ದೀರೋ ಇಲ್ಲವೋ ಎಂದು ನೋಡಲು ಅಧಿಕಾರಿಗಳು ಊರಿಗೇ ಬರುತ್ತಾರೆ. ಕೋರ್ಟಿನ ತೀರ್ಪು ಹತ್ತು ವರ್ಷದಲ್ಲಿ ಮಾಡಲಾಗದ್ದನ್ನು ಆ ಪರಿಶೀಲನೆ, ಕೋರ್ಟುಗಳ ಹೊಸ ಬಿಗಿಯ ಜೊತೆ ಸೇರಿ, ಕೆಲವೇ ವರ್ಷಗಳಲ್ಲಿ ಮಾಡಿತು. 2025ರಲ್ಲಿ ಅರ್ಧ ಖಾಲಿಯಾದ ನಾಗರಿಕ ಹಕ್ಕುಗಳ ಕಚೇರಿ ಹುಟ್ಟಿದ್ದು ಆ ಕೆಲಸಕ್ಕೆ.

ಆ ಕಚೇರಿ ಕೆಲಸ ಮಾಡಿದಾಗಲೆಲ್ಲ ರಾಜಕೀಯದ ಕೋಪಕ್ಕೂ ತುತ್ತಾಗಿದೆ. ಮುಂದೆ ರಕ್ಷಣಾ ಸಚಿವರಾದ ಲಿಯಾನ್ ಪನೆಟ್ಟಾ 1969ರಲ್ಲಿ ಅದರ ನಿರ್ದೇಶಕರಾಗಿದ್ದರು. ಕಾನೂನನ್ನು ಇದ್ದ ಹಾಗೆ ಜಾರಿ ಮಾಡಲು ಹೊರಟದ್ದಕ್ಕೆ 1970ರ ಆರಂಭದಲ್ಲಿ ನಿಕ್ಸನ್ ಸರ್ಕಾರದಲ್ಲಿ ಅವರ ಕುರ್ಚಿ ಹೋಯಿತು. ಅದೇ ವರ್ಷ ನಾಗರಿಕ ಹಕ್ಕುಗಳ ವಕೀಲರು ಕಚೇರಿಯ ಮೇಲೆಯೇ ಮೊಕದ್ದಮೆ ಹೂಡಿದರು. ನೀವು ನಿಮ್ಮ ಕೆಲಸ ಮಾಡುತ್ತಿಲ್ಲ ಎಂಬುದೇ ಆಪಾದನೆ. 1973ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಿತು. 2025ರ ಕಡಿತದ ವಿರುದ್ಧದ ಮೊಕದ್ದಮೆಗಳನ್ನು ಓದುವಾಗ ಅರ್ಧ ಶತಮಾನದ ಹಿಂದಿನ ಆ ಕಡತವೇ ಮತ್ತೆ ತೆರೆದಂತೆ ಅನ್ನಿಸುತ್ತದೆ.

ಒಂದೇ ಪುಸ್ತಕ ಕೊಟ್ಟರೆ ಸಮಾನತೆಯೇ?

ಸಮಾನತೆ ಎಂದರೆ ಎಲ್ಲರಿಗೂ ಒಂದೇ ರೀತಿ ಕೊಡುವುದು ಎಂಬ ಸರಳ ನಂಬಿಕೆಯನ್ನು ಒಡೆದ ತೀರ್ಪು 1974ರ ಲಾವ್ ಪ್ರಕರಣದ್ದು. ಸ್ಯಾನ್ ಫ್ರಾನ್ಸಿಸ್ಕೊದ ಶಾಲೆಗಳಲ್ಲಿ ಇಂಗ್ಲಿಷ್ ಬಾರದ ಚೀನೀ ಮೂಲದ ಮಕ್ಕಳು ಸಾವಿರಾರು ಇದ್ದರು. ಅವರಲ್ಲಿ ಸುಮಾರು 1,800 ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಯಾವ ಹೆಚ್ಚುವರಿ ಪಾಠವೂ ಇರಲಿಲ್ಲ. ಎಲ್ಲರಿಗೂ ಅದೇ ಕೋಣೆ, ಅದೇ ಶಿಕ್ಷಕರು, ಅದೇ ಪುಸ್ತಕ ಕೊಟ್ಟಿದ್ದೇವಲ್ಲ ಎಂಬುದು ಶಾಲಾ ಮಂಡಳಿಯ ವಾದ. ಪಾಠದ ಭಾಷೆಯೇ ಅರ್ಥವಾಗದ ಮಗುವಿಗೆ ಇವೆಲ್ಲ ಕೊಟ್ಟರೂ ಶಿಕ್ಷಣದ ಬಾಗಿಲು ಮುಚ್ಚಿದ ಹಾಗೇ ಎಂದು ನ್ಯಾಯಮೂರ್ತಿ ಡಗ್ಲಸ್ ಬರೆದರು. ಕೋರ್ಟ್ ಇದನ್ನು ಟೈಟಲ್ 6ರ ಮೂಲದೇಶ ಎಂಬ ಒಂದು ಪದದ ಅಡಿಯಲ್ಲಿ ತಂದಿತು. ಇಂದು ಅಮೆರಿಕದ ಸಾರ್ವಜನಿಕ ಶಾಲೆಗಳಲ್ಲಿ ಹತ್ತರಲ್ಲಿ ಒಂದು ಮಗು ಇಂಗ್ಲಿಷನ್ನು ಇನ್ನೂ ಕಲಿಯುತ್ತಿರುವ ಮಗು. ಅಂಥ ಮಕ್ಕಳಿಗೆ ಭಾಷಾ ನೆರವು ಕೊಡುವುದು ಶಾಲೆಯ ದಯೆಯಲ್ಲ, ಕರ್ತವ್ಯ. ಮನೆಯಲ್ಲಿ ಬೇರೆ ಭಾಷೆಯಾಡುವ ಪೋಷಕರಿಗೆ ಶಾಲೆಯ ಮುಖ್ಯ ಸೂಚನೆಗಳನ್ನು ಅರ್ಥವಾಗುವ ಭಾಷೆಯಲ್ಲಿ ತಿಳಿಸುವುದೂ ಇದೇ ಕರ್ತವ್ಯದ ಭಾಗ. ಇದು ಅಲ್ಲಿ ನೆಲೆಸಿರುವ ಕನ್ನಡಿಗರಲ್ಲೂ ಎಷ್ಟೋ ಮಂದಿಗೆ ಗೊತ್ತಿಲ್ಲ ಎಂದು ನನ್ನ ಅನಿಸಿಕೆ. ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಿರುವ ಅಜ್ಜಿಗೆ ಶಾಲೆಯಿಂದ ಬಂದ ಶಿಸ್ತುಕ್ರಮದ ಪತ್ರ ಓದಲು ಬಾರದಿದ್ದರೆ, ಅರ್ಥ ಮಾಡಿಸಿ ಎಂದು ಕೇಳುವುದರಲ್ಲಿ ಸಂಕೋಚಪಡಬೇಕಾದ್ದು ಏನೂ ಇಲ್ಲ.

ಇದರ ಇನ್ನೊಂದು ಅಂಚು ವಲಸಿಗ ಮಕ್ಕಳದು. ದಾಖಲೆಗಳಿಲ್ಲದೆ ದೇಶದೊಳಗೆ ಬಂದ ಕುಟುಂಬಗಳ ಮಕ್ಕಳಿಗೆ ಪುಕ್ಕಟೆ ಶಿಕ್ಷಣ ಬೇಕಿಲ್ಲ ಎಂದು ಟೆಕ್ಸಸ್ 1975ರಲ್ಲಿ ಕಾನೂನು ಮಾಡಿತು. ಟೈಲರ್ ಎಂಬ ಊರಿನ ಶಾಲಾ ಮಂಡಳಿ ಅಂಥ ಪ್ರತಿ ಮಗುವಿಗೆ ವರ್ಷಕ್ಕೆ 1,000 ಡಾಲರ್ ಶುಲ್ಕ ವಿಧಿಸಿತು. ನಾಲ್ಕು ಕುಟುಂಬಗಳು ಕೋರ್ಟಿಗೆ ಹೋದವು. ತಾವು ಗಡಿಪಾರಾಗುವುದು ಖಚಿತ ಎಂದುಕೊಂಡು ಮನೆಯ ಸಾಮಾನನ್ನು ಕಾರಿನಲ್ಲಿ ತುಂಬಿಕೊಂಡೇ ಅವರು ವಿಚಾರಣೆಗೆ ಬಂದಿದ್ದರು. ಅವರು ಜನರ ಕಣ್ಣಿಗೆ ಬೀಳದಿರಲೆಂದು ನ್ಯಾಯಾಧೀಶರು ವಿಚಾರಣೆಯನ್ನು ಬೆಳಗಿನ ಆರಕ್ಕೇ ಇಟ್ಟಿದ್ದರು. 1982ರಲ್ಲಿ ಪ್ಲೈಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಐದು–ನಾಲ್ಕರ ಬಹುಮತದಿಂದ ಮಕ್ಕಳ ಪರ ನಿಂತಿತು: ಹೆತ್ತವರ ನಡೆಗೆ ಮಗುವನ್ನು ಶಿಕ್ಷಿಸುವಂತಿಲ್ಲ. ಒಂದೇ ಒಂದು ಮತದ ಅಂತರ. ಆ ಅಂತರವನ್ನೇ ನೋಡಿಕೊಂಡು ಟೆಕ್ಸಸ್ ರಾಜ್ಯಪಾಲರು 2022ರಲ್ಲಿ ತೀರ್ಪನ್ನು ಮತ್ತೆ ಪ್ರಶ್ನಿಸುವ ಮಾತಾಡಿದರು. 2025ರ ಏಪ್ರಿಲ್‌ನಲ್ಲಿ ಟೆನೆಸ್ಸಿ ರಾಜ್ಯದ ಸೆನೆಟ್, ಅಂಥ ಮಕ್ಕಳನ್ನು ಶಾಲೆಗಳು ನಿರಾಕರಿಸಬಹುದು ಅಥವಾ ಶುಲ್ಕ ಕೇಳಬಹುದು ಎನ್ನುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಆ ವರ್ಷ ಕೆಳಮನೆಯಲ್ಲಿ ಅದು ಮುಂದೆ ಹೋಗದೆ ನಿಂತಿತು. ನಿಂತರೂ, ಮಗುವನ್ನು ಶಾಲೆಗೆ ಕಳಿಸಲೋ ಬೇಡವೋ ಎಂದು ಯೋಚಿಸುವ ತಾಯಿಯ ಭಯ ಮಸೂದೆಯೊಂದಿಗೆ ನಿಲ್ಲುವುದಿಲ್ಲ.

ಗಾಲಿಕುರ್ಚಿ ಬಾಗಿಲಲ್ಲೇ ನಿಂತಾಗ

ದಶಕಗಳಿಂದ ಈ ಕಚೇರಿಗೆ ಬರುವ ದೂರುಗಳಲ್ಲಿ ಬಹುದೊಡ್ಡ ಪಾಲು ಅಂಗವೈಕಲ್ಯವುಳ್ಳ ಮಕ್ಕಳದು. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

1970ರ ದಶಕದ ಆರಂಭದವರೆಗೂ ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಅಂಥ ಮಗುವನ್ನು ಇದಕ್ಕೆ ಕಲಿಸಲಾಗದು ಎಂದು ಹೇಳಿ ಮನೆಗೆ ಕಳಿಸುವುದು ಕಾನೂನುಬದ್ಧವಾಗಿತ್ತು. 1975ರಲ್ಲಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಕಾಯ್ದೆ ಮಾಡುವಾಗ ದಾಖಲಿಸಿದ ಪ್ರಕಾರ ಹತ್ತು ಲಕ್ಷದಷ್ಟು ಮಕ್ಕಳು ಸಾರ್ವಜನಿಕ ಶಾಲೆಯಿಂದ ಪೂರ್ತಿ ಹೊರಗಿದ್ದರು. ಅಂಗವೈಕಲ್ಯವುಳ್ಳ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ತಕ್ಕ ಶಿಕ್ಷಣ ಸಿಗುತ್ತಿರಲಿಲ್ಲ. 1975ರ ಕಾಯ್ದೆ ಅದನ್ನು ತಿರುಗಿಸಿ ಹಾಕಿತು. ಪ್ರತಿ ಮಗುವಿಗೂ ತಕ್ಕ ಶಿಕ್ಷಣ ಪುಕ್ಕಟೆಯಾಗಿ ಸಿಗಬೇಕು, ಸಾಧ್ಯವಾದಷ್ಟೂ ಉಳಿದ ಮಕ್ಕಳ ಜೊತೆಯಲ್ಲೇ ಸಿಗಬೇಕು, ಆ ಮಗುವಿಗೆಂದೇ ಒಂದು ಲಿಖಿತ ಯೋಜನೆ ಇರಬೇಕು, ಅದನ್ನು ರೂಪಿಸುವ ಮೇಜಿನಲ್ಲಿ ಹೆತ್ತವರೂ ಕೂರಬೇಕು. ಆ ಯೋಜನೆಯನ್ನು ಅಲ್ಲಿನ ಪೋಷಕರು ಐಇಪಿ ಎನ್ನುತ್ತಾರೆ. ಇಂದು ಸುಮಾರು 75 ಲಕ್ಷ ಮಕ್ಕಳು, ಅಂದರೆ ಸಾರ್ವಜನಿಕ ಶಾಲೆಯ ನೂರು ಮಕ್ಕಳಲ್ಲಿ ಹದಿನೈದು ಮಂದಿ, ಈ ಕಾಯ್ದೆಯ ಅಡಿ ಕಲಿಯುತ್ತಿದ್ದಾರೆ. ಹೆಚ್ಚುವರಿ ವೆಚ್ಚದ ಶೇಕಡ 40ರವರೆಗೆ ಕೇಂದ್ರ ಕೊಡಬಹುದು ಎಂಬ ಲೆಕ್ಕ ಅಂದೇ ಕಾಯ್ದೆಯಲ್ಲಿತ್ತು. ಸಾಮಾನ್ಯ ವರ್ಷಗಳಲ್ಲಿ ಬರುವ ಹಣ ಅದರ ಅರ್ಧವನ್ನೂ ಮುಟ್ಟುವುದಿಲ್ಲ.

ಅದಕ್ಕೂ ಮೊದಲಿನ 1973ರ ಕಾಯ್ದೆಯ 504ನೇ ಕಲಮಿನ ಕತೆ ನಾನು ಹೇಳುತ್ತಿರುವುದಕ್ಕೆ ಇನ್ನೂ ಹತ್ತಿರದ್ದು. ಕೇಂದ್ರದ ಹಣ ಪಡೆಯುವ ಕಡೆ ಅಂಗವೈಕಲ್ಯದ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು ಎಂದು ಅದು ಹೇಳಿತು. ಹೇಳಿ ಸುಮ್ಮನಾಯಿತು. ಜಾರಿಗೆ ಬೇಕಾದ ನಿಯಮಗಳನ್ನು ಒಬ್ಬರಾದ ಮೇಲೊಬ್ಬರಂತೆ ಅಧ್ಯಕ್ಷರು ಬಂದರೂ ಯಾರೂ ಹೊರಡಿಸಲಿಲ್ಲ. ನಾಲ್ಕು ವರ್ಷ ಕಾದ ಮೇಲೆ, 1977ರ ಏಪ್ರಿಲ್‌ನಲ್ಲಿ, ಅಂಗವೈಕಲ್ಯವುಳ್ಳವರ ಹಕ್ಕುಗಳ ಹೋರಾಟಗಾರ್ತಿ ಜೂಡಿ ಹ್ಯೂಮನ್ ಮತ್ತವರ ಸಂಗಾತಿಗಳು ಗಾಲಿಕುರ್ಚಿಗಳಲ್ಲಿ, ಊರುಗೋಲುಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಕಟ್ಟಡದೊಳಗೆ ಹೋಗಿ ಕೂತರು. ನೂರಕ್ಕೂ ಹೆಚ್ಚು ಜನ, ಮೂರು ವಾರಕ್ಕೂ ಹೆಚ್ಚು ಕಾಲ. ನೆರವಿಗೆ ಬೇಕಾದ ಸಲಕರಣೆಗಳಾಗಲಿ ಹಾಸಿಗೆಗಳಾಗಲಿ ಇರಲಿಲ್ಲ. ಕಪ್ಪು ವರ್ಣೀಯರ ಹೋರಾಟದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಅವರಿಗೆ ಊಟ ತಂದುಕೊಟ್ಟರು. ಏಪ್ರಿಲ್ 28ರಂದು ನಿಯಮಗಳಿಗೆ ಸಹಿ ಬಿತ್ತು. ಮಧುಮೇಹವಿರುವ ಮಗುವಿಗೆ ಪಾಠದ ನಡುವೆ ರಕ್ತದ ಸಕ್ಕರೆ ನೋಡಿಕೊಳ್ಳಲು ಬಿಡುವುದು, ಗಮನ ನಿಲ್ಲದ ಮಗುವಿಗೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡುವುದು, ಗಾಲಿಕುರ್ಚಿಗೆ ಇಳಿಜಾರು ಕಟ್ಟುವುದು, ಇಂದು ಅಮೆರಿಕದ ಶಾಲೆಗಳಲ್ಲಿ ದಿನನಿತ್ಯ ಕಾಣುವ ಇವೆಲ್ಲದರ ಹಿಂದೆ ಆ ಮೂರು ವಾರಗಳಿವೆ.

ಹಕ್ಕಿನ ಅಳತೆ ಎಷ್ಟು ಎಂಬ ಜಗಳ ಈಗಲೂ ಮುಗಿದಿಲ್ಲ, ಆದರೆ ಕೋರ್ಟು ಇತ್ತೀಚೆಗೆ ಮಕ್ಕಳ ಕಡೆ ವಾಲಿದೆ. 2017ರ ಎಂಡ್ರೂ ಪ್ರಕರಣದಲ್ಲಿ, ಹೆಸರಿಗೆ ಒಂದಿಷ್ಟು ಪ್ರಗತಿ ತೋರಿಸಿದರೆ ಸಾಲದು, ಯೋಜನೆ ಆ ಮಗುವಿನ ಸ್ಥಿತಿಗೆ ತಕ್ಕ ಮುನ್ನಡೆ ಸಾಧಿಸುವಂತಿರಬೇಕು ಎಂದು ಒಮ್ಮತದಿಂದ ಹೇಳಿತು. 2025ರ ಜೂನ್ 12ರ ತೀರ್ಪು ಮಿನೆಸೊಟಾದ ಒಬ್ಬ ವಿದ್ಯಾರ್ಥಿನಿಯದು. ತೀವ್ರ ಅಪಸ್ಮಾರದಿಂದ ಅವಳಿಗೆ ಬೆಳಗಿನ ಹೊತ್ತು ಸೆಳವು ಬರುತ್ತಿತ್ತು, ಮಧ್ಯಾಹ್ನದ ಮೇಲೆ ಕಲಿಯಬಲ್ಲಳು. ಸಂಜೆ ಪಾಠ ಮಾಡಿ ಎಂಬ ಕೋರಿಕೆಯನ್ನು ಶಾಲೆ ಒಪ್ಪಲಿಲ್ಲ. ಉಳಿದ ಮಕ್ಕಳಿಗೆ ದಿನಕ್ಕೆ ಆರೂವರೆ ಗಂಟೆ ಪಾಠ, ಅವಳಿಗೆ ನಾಲ್ಕು ಕಾಲು. ಪರಿಹಾರ ಬೇಕಾದರೆ ಶಾಲೆ ಕೆಟ್ಟ ಉದ್ದೇಶದಿಂದ ಅಥವಾ ಘೋರ ಅವಿವೇಕದಿಂದ ನಡೆದುಕೊಂಡಿತೆಂದು ಸಾಬೀತು ಮಾಡಿ ಎಂದು ಕೆಳಗಿನ ಕೋರ್ಟುಗಳು ಕೇಳಿದ್ದವು. ಬೇರೆ ಯಾವ ಅಂಗವೈಕಲ್ಯ ಪ್ರಕರಣಕ್ಕೂ ಇಲ್ಲದ ಈ ಎತ್ತರದ ಹೊಸಿಲು ಶಾಲಾಮಕ್ಕಳಿಗೆ ಮಾತ್ರ ಯಾಕೆ ಎಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಅದನ್ನು ತೆಗೆದುಹಾಕಿತು. ಒಳ್ಳೆಯ ತೀರ್ಪು. ಆದರೆ ಆ ಹೊತ್ತಿಗೆ ವರ್ಷಗಳ ದಾವೆ, ವಕೀಲರು, ಮೇಲ್ಮನವಿಗಳು. ಎಷ್ಟು ಕುಟುಂಬಗಳಿಗೆ ಅದು ಸಾಧ್ಯ?

ಕಚೇರಿ ಬೇಕಾಗುವುದು ಇಲ್ಲಿಯೇ. ಅನ್ಯಾಯವಾದ 180 ದಿನಗಳೊಳಗೆ ಯಾರು ಬೇಕಾದರೂ ಅದಕ್ಕೆ ಬರೆಯಬಹುದು. ಮಗುವಿನ ಹೆತ್ತವರೇ ಆಗಬೇಕೆಂದಿಲ್ಲ, ಶಿಕ್ಷಕರು, ನೆರೆಯವರು, ಸಂಘಟನೆ ಯಾರಾದರೂ ಸರಿ. ಕಚೇರಿ ತನ್ನ ವ್ಯಾಪ್ತಿಗೆ ಬರುತ್ತದೆಯೇ ನೋಡಿ, ಮೊದಲು ರಾಜಿಗೆ ಯತ್ನಿಸಿ, ಆಗದಿದ್ದರೆ ತನಿಖೆ ಮಾಡುತ್ತದೆ. ತಪ್ಪು ಕಂಡರೆ ಶಾಲೆಯೊಂದಿಗೆ ಲಿಖಿತ ಒಪ್ಪಂದ ಮಾಡಿಕೊಂಡು ಅದು ಪಾಲನೆಯಾಗುವವರೆಗೆ ಕಣ್ಣಿಟ್ಟಿರುತ್ತದೆ. ಕೊನೆಯ ಅಸ್ತ್ರ ಹಣ ನಿಲ್ಲಿಸುವುದು. ಆ ಅಸ್ತ್ರ 1960ರ ದಶಕದ ನಂತರ ಬಳಕೆಯಾದದ್ದು ತೀರ ಅಪರೂಪ. ಕೇಂದ್ರದ ಹಣ ಶಾಲೆಗಳ ಒಟ್ಟು ಆದಾಯದ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿದ್ದರೂ ಅದು ಹೋಗುವುದು ಹೆಚ್ಚಾಗಿ ಬಡಮಕ್ಕಳಿಗೆ, ವಿಶೇಷ ಶಿಕ್ಷಣಕ್ಕೆ; ನಿಲ್ಲಿಸಿದರೆ ಏಟು ಬೀಳುವುದು ಅದೇ ಮಕ್ಕಳಿಗೆ. ಆದ್ದರಿಂದ ಕಚೇರಿಯ ನಿಜವಾದ ಬಲ ಇರುವುದು ಒಪ್ಪಂದದಲ್ಲಿ ಮತ್ತು ಅದರ ಮೇಲಿನ ಕಣ್ಣಿನಲ್ಲಿ. ಅದಕ್ಕೆ ಮನುಷ್ಯರೇ ಬೇಕು. 1980ರ ದಶಕದ ಆರಂಭದಲ್ಲಿ ಈ ಕೆಲಸಕ್ಕೆ ಸಾವಿರಕ್ಕೂ ಹೆಚ್ಚು ಜನರಿದ್ದರು. ದೂರುಗಳು ಅದಕ್ಕೆ ಹೋಲಿಸಿದರೆ ಹಲವು ಪಟ್ಟು ಬೆಳೆದ 2024ಕ್ಕೆ ಉಳಿದವರು 600ರ ಆಸುಪಾಸು. 2025ರ ಕಡಿತ ಬಿದ್ದದ್ದು ಅದರ ಮೇಲೆ.

ಕಡಿತದ ಪರ ಇರುವವರ ಮಾತನ್ನೂ ಕೇಳಬೇಕು. ಶಿಕ್ಷಣ ರಾಜ್ಯಗಳ ಹೊಣೆ, ಕೇಂದ್ರದ ಇಲಾಖೆಯೇ ಬೇಡ ಎಂಬುದು ಅವರ ನಿಲುವು. 2025ರ ಮಾರ್ಚ್ 20ರಂದು ಅಧ್ಯಕ್ಷರು ಇಲಾಖೆಯನ್ನು ಮುಚ್ಚುವ ದಿಕ್ಕಿನಲ್ಲಿ ಆದೇಶವನ್ನೂ ಹೊರಡಿಸಿದರು. ಕಚೇರಿ ಮೊದಲೂ ನಿಧಾನವೇ ಇತ್ತು ಎಂಬ ಟೀಕೆಯಲ್ಲಿ ಸತ್ಯವಿದೆ, ವರ್ಷಗಟ್ಟಲೆ ಉತ್ತರಕ್ಕೆ ಕಾದ ಕುಟುಂಬಗಳಿದ್ದವು. ಆದರೆ ನಿಧಾನಕ್ಕೆ ಮದ್ದು ಜನರನ್ನು ತೆಗೆಯುವುದು ಹೇಗಾದೀತು? ರಾಜ್ಯಗಳೇ ನೋಡಿಕೊಳ್ಳಲಿ ಎಂಬ ವಾದಕ್ಕೆ ನನ್ನ ಆಕ್ಷೇಪ ಇನ್ನೂ ಮೂಲದ್ದು. ಈ ಕಾನೂನುಗಳು ಹುಟ್ಟಿದ್ದೇ ರಾಜ್ಯಗಳು ಮತ್ತು ಸ್ಥಳೀಯ ಮಂಡಳಿಗಳು ಮಕ್ಕಳನ್ನು ಕೈಬಿಟ್ಟದ್ದರಿಂದ.

ಮುಂದಿನದು ಕೋರ್ಟಿನ ಓಡಾಟ. ಬಾಸ್ಟನ್ನಿನ ಫೆಡರಲ್ ನ್ಯಾಯಾಧೀಶರು ಜೂನ್‌ನಲ್ಲಿ ಕಚೇರಿಯ ಸಿಬ್ಬಂದಿಯನ್ನು ಮರಳಿ ತೆಗೆದುಕೊಳ್ಳಿ ಎಂದರು. ಜುಲೈ 14ರಂದು ಬೇರೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಲಾಖೆಯ ಒಟ್ಟಾರೆ ಕಡಿತ ಮುಂದುವರಿಯಲು ಬಿಟ್ಟಿತು. ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಬಾಸ್ಟನ್ನಿನ ಆದೇಶಕ್ಕೂ ತಡೆ ಕೊಟ್ಟಿತು. ಡಿಸೆಂಬರ್‌ನಲ್ಲಿ, ರಾಶಿ ಬಿದ್ದ ದೂರುಗಳನ್ನು ವಿಲೇವಾರಿ ಮಾಡಲು, ಇಲಾಖೆ ತಾನೇ ಮನೆಯಲ್ಲಿ ಕೂರಿಸಿದ್ದ ನೌಕರರನ್ನು ವಾಪಸ್ ಕರೆಯಿತು. ಆ ಒಂಬತ್ತು ತಿಂಗಳು ಒಂದು ಶೈಕ್ಷಣಿಕ ವರ್ಷದಷ್ಟೇ ಉದ್ದ.

ಇದ್ದ ಕೆಲವರ ಗಮನ ಎಲ್ಲಿ ಹೋಗಬೇಕು ಎಂಬುದನ್ನೂ ರಾಜಕೀಯವೇ ನಿರ್ಧರಿಸುತ್ತದೆ. ಟೈಟಲ್ 9 ಎಂಬ 1972ರ ಕಾಯ್ದೆಯನ್ನು ನೋಡಿ. ಮೂಲದಲ್ಲಿ ಅದು 37 ಪದಗಳ ಒಂದು ವಾಕ್ಯ. ಹೆಣ್ಣುಮಕ್ಕಳ ಕ್ರೀಡೆಯ ಚಹರೆಯನ್ನೇ ಬದಲಿಸಿದ್ದು ಆ ವಾಕ್ಯ. ಲೈಂಗಿಕ ಕಿರುಕುಳದ ದೂರನ್ನು ಶಾಲೆ ಹೇಗೆ ವಿಚಾರಿಸಬೇಕು ಎಂಬ ನಿಯಮ ಮಾತ್ರ 2020ರಲ್ಲಿ ಒಂದು, 2024ರಲ್ಲಿ ಇನ್ನೊಂದು, 2025ರ ಜನವರಿಯಲ್ಲಿ ಕೋರ್ಟು ಎರಡನೆಯದನ್ನು ರದ್ದು ಮಾಡಿದ ಮೇಲೆ ಮತ್ತೆ ಮೊದಲಿನದು. ಈಗ ಕಚೇರಿಯ ಮುಂಚೂಣಿಯಲ್ಲಿರುವುದು ಲಿಂಗಪರಿವರ್ತಿತ ಕ್ರೀಡಾಪಟುಗಳ ವಿರುದ್ಧದ ಕ್ರಮ, ಯಹೂದಿ ದ್ವೇಷದ ತನಿಖೆ, ವೈವಿಧ್ಯ ಕಾರ್ಯಕ್ರಮಗಳ ಮೇಲಿನ ದಾಳಿ. ಇವುಗಳಲ್ಲಿ ಯಹೂದಿ ವಿದ್ಯಾರ್ಥಿಗಳ ಸುರಕ್ಷತೆ ನಿಜವಾದ, ತುರ್ತಿನ ವಿಷಯ. ಪ್ರಶ್ನೆ ಇರುವುದು ಉಳಿದ ಸಾವಿರಾರು ದೂರುಗಳನ್ನು ಯಾರು ತೆರೆಯುತ್ತಾರೆ ಎಂಬಲ್ಲಿ. ಸರ್ಕಾರ ಬದಲಾದಾಗಲೆಲ್ಲ ಒಂದೇ ವಾಕ್ಯಕ್ಕೆ ಬೇರೆ ಅರ್ಥ ಬಂದರೆ, ಎಂಟನೇ ತರಗತಿಯಲ್ಲಿ ದೂರು ಕೊಟ್ಟ ಹುಡುಗಿಗೆ ಹತ್ತನೇ ತರಗತಿಯಲ್ಲಿ ಯಾವ ನಿಯಮ ಅನ್ವಯಿಸುತ್ತದೋ ಹೇಳಬಲ್ಲವರಿಲ್ಲ.

ಶಿಸ್ತಿನ ವಿಷಯದಲ್ಲಿ ಕಚೇರಿಯ ಗೈರುಹಾಜರಿ ಇನ್ನೂ ಆಳಕ್ಕೆ ತಟ್ಟುತ್ತದೆ. ಹತ್ತು ದಿನದೊಳಗಿನ ಸಸ್ಪೆನ್ಷನ್ ಆದರೂ ಆರೋಪವೇನೆಂದು ತಿಳಿಸಿ, ಮಗುವಿನ ಮಾತು ಕೇಳಿಯೇ ಮಾಡಬೇಕು ಎಂದು 1975ರಲ್ಲೇ ಗಾಸ್ ತೀರ್ಪು ಹೇಳಿದೆ. 2020–21ರ ಸರ್ಕಾರಿ ಅಂಕಿಅಂಶ ನೋಡಿದರೆ, ವಿದ್ಯಾರ್ಥಿಗಳಲ್ಲಿ ಶೇಕಡ 8ರಷ್ಟಿರುವ ಕಪ್ಪು ವರ್ಣೀಯ ಹುಡುಗರು, ಶಾಲೆಯಿಂದ ಹೊರಗೆ ಕಳಿಸುವ ಸಸ್ಪೆನ್ಷನ್ ಶಿಕ್ಷೆಗೆ ಒಳಗಾದವರಲ್ಲಿ ಶೇಕಡ 18. ಯಾವ ಮುಖ್ಯೋಪಾಧ್ಯಾಯರೂ ಜನಾಂಗ ನೋಡಿ ಶಿಕ್ಷೆ ಕೊಟ್ಟೆ ಎಂದು ಬರೆಯುವುದಿಲ್ಲ. ನಿಯಮ ಎಲ್ಲರಿಗೂ ಒಂದೇ, ಬೀಳುವ ಏಟು ಮಾತ್ರ ಬೇರೆ. ಇಂಥ ಪರಿಣಾಮದ ತಾರತಮ್ಯದ ಬಗ್ಗೆ ಖಾಸಗಿ ವ್ಯಕ್ತಿಗಳು ಟೈಟಲ್ 6ರ ಅಡಿ ಕೋರ್ಟಿಗೆ ಹೋಗುವಂತಿಲ್ಲ ಎಂದು 2001ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಉಳಿದ ದಾರಿ ಈ ಕಚೇರಿಯೊಂದೇ. 2014ರಲ್ಲಿ ಶಾಲೆಗಳಿಗೆ ಕೊಟ್ಟಿದ್ದ ಶಿಸ್ತಿನ ಮಾರ್ಗಸೂಚಿ 2018ರಲ್ಲಿ ಹಿಂದಕ್ಕೆ ಹೋಯಿತು. 2025ರ ಏಪ್ರಿಲ್‌ನ ಅಧ್ಯಕ್ಷೀಯ ಆದೇಶ, ಪರಿಣಾಮವನ್ನು ನೋಡಿ ತಾರತಮ್ಯ ಗುರುತಿಸುವ ಪದ್ಧತಿಯನ್ನೇ ಕೈಬಿಡಿ ಎಂದು ಸರ್ಕಾರದ ಅಂಗಗಳಿಗೆ ಹೇಳಿದೆ. ಉಳಿದಿದ್ದ ಒಂದು ದಾರಿಗೂ ಬೇಲಿ ಬಿತ್ತು.

ಎಲ್ಲ ಸಿಬ್ಬಂದಿಯೂ ಇದ್ದು ಎಲ್ಲ ದೂರೂ ಹೊತ್ತಿಗೆ ಸರಿಯಾಗಿ ತೀರ್ಮಾನವಾದರೂ ಮುಟ್ಟಲಾಗದ ಒಂದು ಜಾಗವಿದೆ ಎಂಬುದನ್ನೂ ಹೇಳಬೇಕು. ಅಮೆರಿಕದಲ್ಲಿ ಶಾಲೆಯ ಹಣದ ದೊಡ್ಡ ಭಾಗ ಸ್ಥಳೀಯ ಆಸ್ತಿ ತೆರಿಗೆಯಿಂದ ಬರುತ್ತದೆ, ಮನೆಗಳ ಬೆಲೆ ಹೆಚ್ಚಿದ್ದ ಕಡೆ ಶಾಲೆಗೂ ಹೆಚ್ಚು ಹಣ. ಇದು ಅನ್ಯಾಯವೆಂದು ಸ್ಯಾನ್ ಆಂಟೋನಿಯೊದ ಬಡ ಬಡಾವಣೆಯ ಪೋಷಕರು ಹೋರಾಡಿದಾಗ, 1973ರಲ್ಲಿ ಸುಪ್ರೀಂ ಕೋರ್ಟ್ ಐದು–ನಾಲ್ಕರಿಂದ ಅವರನ್ನು ವಾಪಸ್ ಕಳಿಸಿತು: ಕೇಂದ್ರ ಸಂವಿಧಾನದಲ್ಲಿ ಶಿಕ್ಷಣ ಮೂಲಭೂತ ಹಕ್ಕಲ್ಲ. ಮರುವರ್ಷ ಡೆಟ್ರಾಯಿಟ್ ಪ್ರಕರಣದಲ್ಲಿ, ನಗರದ ಶಾಲೆಗಳನ್ನು ಸುತ್ತಲಿನ ಉಪನಗರಗಳ ಶಾಲೆಗಳೊಂದಿಗೆ ಬೆರೆಸುವ ಆದೇಶವನ್ನೂ ಅದೇ ಅಂತರದಿಂದ ತಳ್ಳಿಹಾಕಿತು. ಎರಡೂ ಕಡೆ ಮಾರ್ಷಲ್ ಭಿನ್ನಮತ ಬರೆದರು. ಬ್ರೌನ್ ತೀರ್ಪು ಗೆದ್ದುಕೊಟ್ಟ ವಕೀಲರೇ ಅದರ ಗಡಿಯನ್ನು ಕೋರ್ಟಿನೊಳಗೆ ಕೂತು ನೋಡಬೇಕಾಯಿತು. ಇಂದಿಗೂ ಪುರಸಭೆಯ ಗಡಿರೇಖೆಯೊಂದು ಎರಡು ಶಾಲೆಗಳ ನಡುವೆ ಏನು ಮಾಡಬಲ್ಲದು ಎಂಬುದಕ್ಕೆ ಉತ್ತರ ಈ ಎರಡು ತೀರ್ಪುಗಳಲ್ಲಿದೆ.

ಬಾರ್ಬರಾ ಜಾನ್ಸ್ ಓದಿದ ಪ್ರಿನ್ಸ್ ಎಡ್ವರ್ಡ್ ಕೌಂಟಿಗೆ ಮತ್ತೆ ಬರುತ್ತೇನೆ. ಮಕ್ಕಳನ್ನು ಒಟ್ಟಿಗೆ ಕಲಿಸಿ ಎಂದು 1959ರಲ್ಲಿ ಕೋರ್ಟು ಪಟ್ಟುಹಿಡಿದಾಗ ಆ ಕೌಂಟಿ ತನ್ನ ಎಲ್ಲ ಸಾರ್ವಜನಿಕ ಶಾಲೆಗಳನ್ನೇ ಮುಚ್ಚಿತು. ಬಿಳಿಯ ಮಕ್ಕಳಿಗೆ ಖಾಸಗಿ ಶಾಲೆ ಎದ್ದಿತು, ಅದಕ್ಕೆ ಸರ್ಕಾರದ ಹಣದ ನೆರವೂ ಸಿಕ್ಕಿತು. ಸಾವಿರಕ್ಕೂ ಹೆಚ್ಚು ಕಪ್ಪು ವರ್ಣೀಯ ಮಕ್ಕಳಿಗೆ ಶಾಲೆಯೇ ಇಲ್ಲವಾಯಿತು. ಕೆಲವರನ್ನು ಬೇರೆ ಊರಿನ ನೆಂಟರ ಮನೆಗೆ ಕಳಿಸಿದರು, ಕೆಲವರು ಚರ್ಚಿನ ಕೋಣೆಗಳಲ್ಲಿ ಕಲಿತರು, ಎಷ್ಟೋ ಮಂದಿ ಹೊಲಗಳಲ್ಲಿ ದುಡಿಮೆಗೆ ಹೋದರು. ಐದು ವರ್ಷ ಹೀಗೇ ನಡೆಯಿತು. ಯೋಚಿಸಿದ್ದು ಬಹಳವಾಯಿತು, ವೇಗ ಸಾಲದಾಯಿತು ಎಂದು 1964ರಲ್ಲಿ ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕ್ ಬರೆದ ಮೇಲೆ ಶಾಲೆಗಳು ತೆರೆದವು. ಬಾಗಿಲು ಮುಚ್ಚಿದಾಗ ಹತ್ತು ವರ್ಷದವನಾಗಿದ್ದ ಹುಡುಗನಿಗೆ ಆಗ ಹದಿನೈದು.

ವರ್ಜೀನಿಯಾದ ಶಾಸನಸಭೆ 2004ರಲ್ಲಿ, ಅಂದು ಶಾಲೆ ಕಳೆದುಕೊಂಡವರು ಬಿಟ್ಟಲ್ಲಿಂದ ಓದು ಮುಂದುವರಿಸಲೆಂದು ವಿದ್ಯಾರ್ಥಿವೇತನವೊಂದನ್ನು ಸ್ಥಾಪಿಸಿತು. ಅರ್ಜಿ ಹಾಕಿಕೊಂಡು ಮತ್ತೆ ತರಗತಿಗೆ ಬಂದವರು ಐವತ್ತು ದಾಟಿದವರು.